ಒಂಬತ್ತು ಗಂಟೆಗೆ ಸೈಕಲ್ ನಿಲ್ಲಲಿ

ಏಪ್ರಿಲ್ ಬಂತೆಂದರೆ ನಮ್ಮ ಜಿಲ್ಲೆಯ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ತೆರೆದ ಬಾಗಿಲು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತದೆ. ಕಲಬುರಗಿ ವಿಭಾಗದ ಜಿಲ್ಲೆಗಳಿಗೂ, ಪಕ್ಕದ ವಿಜಯಪುರ, ಬಾಗಲಕೋಟೆ ಜಿಲ್ಲೆಗಳಿಗೂ ಏಪ್ರಿಲ್ ಮತ್ತು ಮೇ ತಿಂಗಳಿಗೆಂದು ಸರ್ಕಾರ ಇಂಥ ಆದೇಶ ಹೊರಡಿಸುತ್ತ ಬಂದಿದೆ. ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ಕೂಲಿಕಾರರಿಗೂ ನಮ್ಮ ಭಾಗದಲ್ಲಿ ಈ ಎರಡು ತಿಂಗಳು ಕೆಲಸದ ಪ್ರಮಾಣದಲ್ಲಿ ಶೇ 30ರಷ್ಟು ರಿಯಾಯಿತಿ ಕೊಟ್ಟು ಪೂರ್ತಿ ಕೂಲಿ ನೀಡಿದ ಬೇಸಿಗೆಗಳಿವೆ. ಅಂದರೆ ಇಲ್ಲಿಯ ಬಿಸಿಲು ಬೇರೆ ಎಂಬುದನ್ನು ಸರ್ಕಾರವೇ ಕಾಗದದ ಮೇಲೆ ಒಪ್ಪಿಕೊಂಡಿದೆ.

ಫ್ಯಾನಿನ ಕೆಳಗೆ ಕುಳಿತು ಕಡತ ನೋಡುವವರಿಗೂ ಬೇಸಿಗೆಯ ವೇಳಾಪಟ್ಟಿ ಇರುವ ಇದೇ ಜಿಲ್ಲೆಯಲ್ಲಿ, ಹದಿನಾರು ಹದಿನೇಳು ವಯಸ್ಸಿನವರು ಡಾಂಬರು ರಸ್ತೆಯ ಮೇಲೆ ಗಂಟೆಗಟ್ಟಲೆ ಪೆಡಲ್ ತುಳಿಯುವ ಸೈಕಲ್ ಜಾಥಾಗಳಿಗೆ ಮಾತ್ರ ಯಾವ ವೇಳಾಪಟ್ಟಿಯೂ ಇಲ್ಲ. ಈ ಲೇಖನ ಅದರ ಬಗ್ಗೆ.

ಕಳೆದ ಮೇ ರಜೆಯಲ್ಲಿ ನಮ್ಮ ಕಾಲೇಜಿನ ಎಂಟು ಜನ ಒಂದು ಸೈಕಲ್ ಜಾಥಾದಲ್ಲಿ ಭಾಗವಹಿಸಿದ್ದೆವು. ಕೊಪ್ಪಳದಿಂದ ಭಾನಾಪುರ, ಕುಕನೂರು, ಯಲಬುರ್ಗಾ ದಾಟಿ ಕುಷ್ಟಗಿಯವರೆಗೆ, ಸುಮಾರು 75 ಕಿಲೋಮೀಟರ್. ನಮ್ಮಲ್ಲಿ ಒಬ್ಬನು ದಾರಿಯಲ್ಲಿ ಬಿಸಿಲಿಗೆ ಬಿದ್ದ. ಈಗ ಅವನು ಆರಾಮವಾಗಿದ್ದಾನೆ. ಆದರೆ ಕಾಲೇಜು ಆರಂಭವಾದಾಗಿನಿಂದ ಎರಡು ಮಾತು ಕೇಳುತ್ತಿದ್ದೇನೆ. ‘ಇನ್ನು ಮೇಲೆ ನಮ್ಮ ವಿದ್ಯಾರ್ಥಿಗಳನ್ನು ಇಂಥದ್ದಕ್ಕೆ ಕಳಿಸುವುದೇ ಬೇಡ’ ಎಂದು ಕೆಲವು ಹಿರಿಯರು ಹೇಳುತ್ತಾರೆ. ‘ಅಷ್ಟು ಬಿಸಿಲು ತಡೆಯದವರು ಸೈಕಲ್ ಯಾಕೆ ಹತ್ತಬೇಕು?’ ಎಂದು ಕೆಲವು ಗೆಳೆಯರು ಹೇಳುತ್ತಾರೆ. ಎರಡನ್ನೂ ನಾನು ಒಪ್ಪುವುದಿಲ್ಲ. ನನ್ನ ಅಭಿಪ್ರಾಯ ಇಷ್ಟು: ಬೇಸಿಗೆಯಲ್ಲಿ ಸೈಕಲ್ ಓಡಿಸಬಹುದು. ಆದರೆ ಎಲ್ಲಿ, ಯಾವಾಗ ನಿಲ್ಲಬೇಕು ಎಂಬ ತೀರ್ಮಾನವನ್ನು ಓಡಿಸುವವನಿಗೆ ಬಿಡಬಾರದು. ಹೊರಡುವ ಮುನ್ನವೇ ಅದನ್ನು ಗಡಿಯಾರಕ್ಕೆ ಒಪ್ಪಿಸಬೇಕು.

ಯಾಕೆ ಎಂದು ಹೇಳಲು ಆ ದಿನದ ಸಂಗತಿ ಹೇಳಬೇಕು. ನಮ್ಮನ್ನು ಬೆಳಿಗ್ಗೆ 5.30ಕ್ಕೆ ಬರಹೇಳಿದ್ದರು. ಅರವತ್ತು ಜನ ಸೈಕಲ್ ಹಿಡಿದು ಸಾಲಾಗಿ ನಿಂತೆವು. ಬಾವುಟ ತೋರಿಸಬೇಕಾದ ಅತಿಥಿಗಳು ಬಂದು, ಸ್ವಾಗತ, ಭಾಷಣ, ಫೋಟೋ ಎಲ್ಲ ಮುಗಿಯುವಾಗ 7.10 ಆಗಿತ್ತು. ದಿನದ ತಂಪಾದ ಹೊತ್ತು ನಿಂತಲ್ಲೇ ಕಳೆದುಹೋಯಿತು. ಕುಕನೂರಿಗೆ ಬಂದಾಗ 9.15, ಯಲಬುರ್ಗಾಕ್ಕೆ ಬಂದಾಗ 10.40. ಸಂಘಟಕರು ಕೆಟ್ಟವರೇನಲ್ಲ, ಬಾಳೆಹಣ್ಣು, ಬಿಸ್ಕತ್ತು, ನೀರು ಎಲ್ಲ ತಂದಿದ್ದರು. ಆದರೆ ಧ್ವನಿವರ್ಧಕ ಕಟ್ಟಿದ ಟಂಟಂ ಎಲ್ಲರಿಗಿಂತ ಮುಂದೆ, ನೀರಿನ ಗಾಡಿ ಅದರ ಬೆನ್ನಿಗೆ. ವೇಗವಾಗಿ ಹೋಗುವವರಿಗೆ ನೀರೂ ಸಿಕ್ಕಿತು, ಹಾಡೂ ಸಿಕ್ಕಿತು. ಹಿಂದುಳಿದವರಿಗೆ ಎರಡೂ ಇಲ್ಲ.

ನಾನು ಹಿಂದುಳಿದವರ ಗುಂಪಿನಲ್ಲಿದ್ದೆ. ನನ್ನದು ಗೇರ್ ಸೈಕಲ್ ಅಲ್ಲ. ನಮ್ಮ ಆಪಾ ಸರ್ಕಾರಿ ಉರ್ದು ಪ್ರೌಢಶಾಲೆಯಲ್ಲಿ ಎಂಟನೇ ತರಗತಿಯಲ್ಲಿದ್ದಾಗ ಉಚಿತವಾಗಿ ಸಿಕ್ಕ, ಮುಂದೆ ಬುಟ್ಟಿ ಇರುವ ಲೇಡೀಸ್ ಸೈಕಲ್. 2006–07ರಲ್ಲಿ ಶುರುವಾದ ಆ ಯೋಜನೆ ಕೊರೊನಾ ಕಾಲದಲ್ಲಿ ನಿಂತುಹೋಯಿತು, ನನ್ನ ಪಾಳಿ ಬಂದಾಗ ಸೈಕಲ್ ಸಿಗಲಿಲ್ಲ. ಹಾಗಾಗಿ ಆಪಾನ ಸೈಕಲ್ಲೇ ನನಗೆ ಗತಿ. ನನ್ನ ಜೊತೆಗಿದ್ದ ಗೆಳೆಯನದೂ ಅಂಥದ್ದೇ ಹಳೆಯ ಸೈಕಲ್.

ಯಲಬುರ್ಗಾ ದಾಟಿ ಒಂದು ಗಂಟೆಗೂ ಹೆಚ್ಚು ಹೊತ್ತಾಗಿತ್ತು. ಎರಡೂ ಕಡೆ ಬರೀ ಎರೆ ಹೊಲ, ರಸ್ತೆಬದಿಯಲ್ಲಿ ಎಲ್ಲೋ ಒಂದು ಬೇವಿನ ಮರ. ‘ಕುಷ್ಟಗಿ ಇನ್ನೆಷ್ಟು ದೂರ ಇರಬಹುದು?’ ಎಂದು ಕೇಳಿದೆ. ಅವನು, ‘ಸರ್ ಅಟೆಂಡೆನ್ಸ್ ತಗೊಂಡ್ರಾ?’ ಎಂದ. ತಮಾಷೆ ಎಂದುಕೊಂಡು ಮುಖ ನೋಡಿದರೆ ಅವನು ನಗುತ್ತಿರಲಿಲ್ಲ. ಸೈಕಲ್ ಅತ್ತಿತ್ತ ವಾಲುತ್ತಿತ್ತು. ಹಿಡಿದು ನಿಲ್ಲಿಸಿ ಪಕ್ಕದ ದಾಳಿಂಬೆ ತೋಟಕ್ಕೆ ಕರೆದೊಯ್ದೆವು. ಅಲ್ಲಿದ್ದ ಹಿರಿಯ ಹೆಣ್ಣುಮಗಳೊಬ್ಬರು ಒಂದು ಮಾತೂ ಕೇಳದೆ ಅವನನ್ನು ಗಿಡದ ನೆರಳಿಗೆ ಮಲಗಿಸಿ ಬೋರ್‌ವೆಲ್ ನೀರು ಕೊಡಗಟ್ಟಲೆ ಮೈಮೇಲೆ ಸುರಿಸಿದರು. ತಮ್ಮ ಸೆರಗಿನಿಂದಲೇ ಗಾಳಿ ಬೀಸಿದರು. ಅವನು ಕಣ್ಣು ಬಿಟ್ಟು ನಮ್ಮ ಹೆಸರು ಹಿಡಿದು ಕರೆದ ಮೇಲೆ ಆ ಅವ್ವ ನಮ್ಮ ಕಡೆ ತಿರುಗಿ, ‘ತಮ್ಮಾ, ಇಂಥಾ ಬಿಸಲಾಗ ನಾವು ದನಾನೂ ಹೊರಗ ಕಟ್ಟೂದಿಲ್ಲ. ನಿಮ್ಮನ್ನ ಯಾರ್ ಕಳಿಸ್ಯಾರ?’ ಎಂದರು. ಆಮೇಲೆ ಕುಷ್ಟಗಿಯ ಆಸ್ಪತ್ರೆಯಲ್ಲಿ ಸಲೈನ್ ಹಾಕಿದರು, ಸಂಜೆಗೆ ಮನೆಗೆ ಬಂದ.

‘ನಿಮ್ಮನ್ನು ಯಾರು ಕಳಿಸಿದ್ದಾರೆ?’ ಎಂಬ ಆ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ಬಿಸಿಲಿನ ಬಗ್ಗೆ ಓದತೊಡಗಿದೆ. ವಿಜ್ಞಾನ ವಿಭಾಗದ ಗೆಳೆಯರು ಅರ್ಥವಾಗದ್ದನ್ನು ಬಿಡಿಸಿ ಹೇಳಿದರು. ನಮ್ಮ ದೇಹ ತಂಪಾಗುವುದು ಬೆವರು ಬರುವುದರಿಂದಲ್ಲ, ಆ ಬೆವರು ಆರುವುದರಿಂದ. ಕುಷ್ಟಗಿ, ಯಲಬುರ್ಗಾ ಕಡೆ ಗಾಳಿ ಒಣದು. ಸೈಕಲ್ ಮೇಲೆ ಗಾಳಿ ಬಡಿಯುತ್ತಿರುವಾಗ ಬೆವರು ಬಂದದ್ದೇ ಆರಿಹೋಗುತ್ತದೆ. ಅಂಗಿ ಒದ್ದೆಯಾಗುವುದಿಲ್ಲ. ಎಷ್ಟು ನೀರು ಹೋಯಿತೆಂದು ನಮಗೆ ತಿಳಿಯುವುದೇ ಇಲ್ಲ. ಗಂಗಾವತಿ ಕಡೆ ಕಥೆ ಬೇರೆ. ಎಡದಂಡೆ ಕಾಲುವೆಗೆ ಬೇಸಿಗೆ ಬೆಳೆಯ ನೀರು ಬಿಟ್ಟ ವರ್ಷ ಭತ್ತದ ಗದ್ದೆಗಳ ನಡುವೆ ಗಾಳಿಯಲ್ಲೇ ತೇವ ಇರುತ್ತದೆ. ಅಲ್ಲಿ ಬೆವರು ಧಾರಾಕಾರವಾಗಿ ಸುರಿಯುತ್ತದೆ, ಆದರೆ ಬೇಗ ಆರುವುದಿಲ್ಲ, ಆರದಿದ್ದರೆ ತಂಪಿಲ್ಲ. ಒಂದೇ ಜಿಲ್ಲೆಯ ನಾಲ್ಕು ಊರುಗಳಲ್ಲಿ ಬಿಸಿಲು ಎರಡು ರೀತಿ ಮೋಸ ಮಾಡುತ್ತದೆ.

ಇನ್ನೊಂದು ವಿಷಯ. ಹವಾಮಾನ ಇಲಾಖೆ ಹೇಳುವ ಉಷ್ಣಾಂಶ ನೆರಳಿನಲ್ಲಿ ಅಳೆದದ್ದು. ಬಯಲುಸೀಮೆಯಲ್ಲಿ 40 ಡಿಗ್ರಿ ಮುಟ್ಟಿದ ಮೇಲೆಯೇ ಬಿಸಿಗಾಳಿಯ ಲೆಕ್ಕಾಚಾರ ಶುರುವಾಗುತ್ತದೆ. ಪತ್ರಿಕೆಯಲ್ಲಿ ‘ಕೊಪ್ಪಳ 40’ ಎಂದು ಓದಿದರೆ ಅದು ನೆರಳಿನ ಮಾತು. ನೇರ ಬಿಸಿಲು ತಲೆಯ ಮೇಲೆ, ಕಾದ ಡಾಂಬರು ಕಾಲ ಕೆಳಗೆ ಇರುವವನ ಮಾತಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಇದು. ಶ್ರಮಪಟ್ಟು ದುಡಿಯುವಾಗ ದೇಹದ ಒಳಗಿನ ಉಷ್ಣ 40 ಡಿಗ್ರಿಯ ಆಸುಪಾಸಿಗೆ ಏರಿದರೆ ಮೊದಲು ಪೆಟ್ಟು ತಿನ್ನುವುದು ಮಿದುಳು. ಮಾತು ತಪ್ಪುತ್ತದೆ, ಸಿಟ್ಟು ಬರುತ್ತದೆ, ಎಲ್ಲಿದ್ದೇನೆಂದು ಮರೆಯುತ್ತದೆ. ‘ಸಾಕೆನಿಸಿದಾಗ ನಿಲ್ಲಿ’ ಎಂದು ಸಂಘಟಕರು ಹೇಳಿದ್ದರು. ಆದರೆ ಸಾಕು ಎಂದು ತೀರ್ಮಾನಿಸಬೇಕಾದ ತಲೆಯನ್ನೇ ಬಿಸಿಲು ಮೊದಲು ಕೆಡಿಸುತ್ತದೆ. ಬಿದ್ದವನಿಗೆ ತಾನು ಬೀಳುತ್ತಿದ್ದೇನೆಂದು ಗೊತ್ತಿರುವುದಿಲ್ಲ. ನನ್ನ ಗೆಳೆಯನಿಗೆ ಆ ಅರ್ಧ ಗಂಟೆ ಇವತ್ತಿಗೂ ನೆನಪಿಲ್ಲ.

ಅದರ ಮೇಲೆ ಗುಂಪಿನ ಒತ್ತಡ ಬೇರೆ. ಒಬ್ಬನೇ ಹೋಗುವವನು ಸುಸ್ತಾದರೆ ಮರದ ಕೆಳಗೆ ಕೂರುತ್ತಾನೆ. ಅರವತ್ತು ಜನರ ನಡುವೆ ಇರುವವನು ‘ಮೊದಲು ನಿಂತವನು ನಾನಾಗಬಾರದು’ ಎಂದುಕೊಳ್ಳುತ್ತಾನೆ. ‘ಇಷ್ಟು ದೂರ ಬಂದಿದ್ದೇವೆ, ಇನ್ನು ಹದಿನೈದು ಕಿಲೋಮೀಟರ್ ತಾನೇ’ ಎಂದು ಎಲ್ಲರೂ ಹುರಿದುಂಬಿಸುತ್ತಾರೆ. ವ್ಯಾಪಾರದಲ್ಲಿ ಹೀಗೆ ಯೋಚಿಸುವವನು ದಿವಾಳಿಯಾಗುತ್ತಾನೆ. ಈಗಾಗಲೇ ಖರ್ಚಾದ ಹಣ ವಾಪಸ್ ಬರುವುದಿಲ್ಲ, ಮುಂದಿನ ರೂಪಾಯಿ ಹಾಕಬೇಕೋ ಬೇಡವೋ ಎಂಬುದಷ್ಟೇ ಪ್ರಶ್ನೆ. ತುಳಿದ ಕಿಲೋಮೀಟರುಗಳ ಲೆಕ್ಕವೂ ಅಷ್ಟೇ.

ಜಗತ್ತಿನ ದೊಡ್ಡ ಕ್ರೀಡಾಪಟುಗಳ ವಿಷಯದಲ್ಲೂ ಈ ತೀರ್ಮಾನವನ್ನು ಅವರಿಗೇ ಬಿಡುವುದಿಲ್ಲ. ಆಸ್ಟ್ರೇಲಿಯಾದ ಅಡಿಲೇಡ್ ಸುತ್ತ ಪ್ರತಿ ಜನವರಿಯಲ್ಲಿ ನಡೆಯುವ ಟೂರ್ ಡೌನ್ ಅಂಡರ್ ಸೈಕಲ್ ರೇಸಿನಲ್ಲಿ 2018ರಲ್ಲಿ ಬಿಸಿಲು ವಿಪರೀತವಾದಾಗ ಮೂರನೇ ಹಂತವನ್ನು ಸಂಘಟಕರೇ 26 ಕಿಲೋಮೀಟರ್ ಕಡಿತ ಮಾಡಿದರು. 2019ರ ಸೆಪ್ಟೆಂಬರಿನಲ್ಲಿ ಕತಾರಿನ ದೋಹಾದಲ್ಲಿ ನಡೆದ ವಿಶ್ವ ಅಥ್ಲೆಟಿಕ್ಸ್‌ನ ಮಹಿಳೆಯರ ಮ್ಯಾರಥಾನನ್ನು ಸೆಕೆಗೆ ಹೆದರಿ ಮಧ್ಯರಾತ್ರಿಗೆ ಇಟ್ಟಿದ್ದರು. ಆದರೂ ಓಡಲು ಶುರುಮಾಡಿದ 68 ಜನರಲ್ಲಿ ಮುಗಿಸಿದವರು 40 ಮಾತ್ರ. ವರ್ಷಗಟ್ಟಲೆ ತರಬೇತಿ ಪಡೆದವರ ಗತಿ ಇದು. ನಮ್ಮ ಪಕ್ಕದ ಮಹಾರಾಷ್ಟ್ರದಲ್ಲಿ, ನವಿ ಮುಂಬೈನ ಖಾರ್ಘರ್‌ನಲ್ಲಿ, 2023ರ ಏಪ್ರಿಲ್ 16ರಂದು ಬಯಲಿನಲ್ಲಿ ಪ್ರಶಸ್ತಿ ಪ್ರದಾನ ಸಮಾರಂಭ ನಡೆಯಿತು. ಬಿಸಿಲಿನ ಹೊಡೆತಕ್ಕೆ ಸಿಕ್ಕಿ 14 ಜನ ತೀರಿಕೊಂಡರು. ಅವರು ಸೈಕಲ್ ತುಳಿದಿರಲಿಲ್ಲ. ಕಾರ್ಯಕ್ರಮ ನೋಡಲು ಬಂದವರು.

ಇನ್ನು ‘ತಡೆಯದವರು ಯಾಕೆ ಹತ್ತಬೇಕು’ ಎನ್ನುವ ಗೆಳೆಯರ ಮಾತಿಗೆ ಬರುತ್ತೇನೆ. ಅವರು ಎರಡು ಉದಾಹರಣೆ ಕೊಡುತ್ತಾರೆ. ಮೊದಲನೆಯದು, ರೈತರು, ಕೂಲಿಕಾರರು ದಿನವೂ ಬಿಸಿಲಲ್ಲೇ ಇರುತ್ತಾರಲ್ಲ ಎಂಬುದು. ನಮ್ಮ ಅಬ್ಬಾ ಗೌಂಡಿ ಕೆಲಸ ಮಾಡುತ್ತಾರೆ. ಬೇಸಿಗೆಯಲ್ಲಿ ಆರು ಗಂಟೆಗೇ ಕೆಲಸ ಶುರುಮಾಡಿ ಹನ್ನೊಂದರ ಸುಮಾರಿಗೆ ಕರಣೆ ಕೆಳಗಿಡುತ್ತಾರೆ. ಮತ್ತೆ ಮುಟ್ಟುವುದು ಮೂರೂವರೆಯ ನಂತರ. ‘ನಡುಮಧ್ಯಾಹ್ನ ಗಿಲಾವು ಮಾಡಿದರೆ ಗೋಡೆಯೇ ಬಿರುಕು ಬಿಡುತ್ತದೆ, ಇನ್ನು ಮನುಷ್ಯ ಎಷ್ಟರವನು’ ಎನ್ನುತ್ತಾರೆ. ಬಿಸಿಲಲ್ಲಿ ದುಡಿಯುವವರು ಬಿಸಿಲಿನ ಜೊತೆ ಪಂದ್ಯ ಕಟ್ಟುವುದಿಲ್ಲ, ಅದರ ವೇಳೆ ತಪ್ಪಿಸಿ ಬದುಕುತ್ತಾರೆ. ಮೇಲಾಗಿ ದೇಹ ಬಿಸಿಲಿಗೆ ಹೊಂದಿಕೊಳ್ಳಲು ಒಂದೆರಡು ವಾರ ಬೇಕು. ನಾವು ಪರೀಕ್ಷೆ ಮುಗಿಸಿ, ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗೆದ್ದು ನೇರವಾಗಿ ರಸ್ತೆಗೆ ಇಳಿದವರು.

ಎರಡನೆಯದು ರೋಜಾ. ‘ಬೇಸಿಗೆಯ ರಂಜಾನಿನಲ್ಲಿ ನೀರಿಲ್ಲದೆ ದಿನವಿಡೀ ಇರುವವರಿಗೆ ಇದೇನು ಮಹಾ’ ಎಂದು ಒಬ್ಬ ಗೆಳೆಯ ಹೇಳಿದ. 2023ರಲ್ಲಿ ರಂಜಾನ್ ಮಾರ್ಚ್ 24ರಿಂದ ಏಪ್ರಿಲ್ 21ರವರೆಗೆ, ಸರಿಯಾಗಿ ಬಿಸಿಲಲ್ಲೇ ಬಂದಿತ್ತು. ಆ ತಿಂಗಳು ನಮ್ಮ ಮನೆಗಳಲ್ಲಿ ಏನು ನಡೆಯುತ್ತದೆಂದು ನೆನಪಿಸಿಕೊಳ್ಳಿ. ಭಾರದ ಕೆಲಸ ಬೆಳಿಗ್ಗೆಯೇ ಮುಗಿಯುತ್ತದೆ, ಜೋಹರ್ ನಮಾಜಿನ ನಂತರ ಮನೆ ಮಲಗುತ್ತದೆ. ಗಂಗಾವತಿಯಲ್ಲಿರುವ ನಮ್ಮ ದಾದಿ ‘ಧೂಪ್ ಮೇ ನಕ್ಕೋ ಫಿರ್ ರೇ’ ಎಂದು ಬಾಗಿಲಲ್ಲೇ ತಡೆಯುತ್ತಾರೆ. ಕಾಯಿಲೆ ಇದ್ದವರಿಗೆ, ಪ್ರಯಾಣದಲ್ಲಿರುವವರಿಗೆ ರೋಜಾದಿಂದ ವಿನಾಯಿತಿಯೂ ಇದೆ, ಬೇರೆ ದಿನ ಪೂರೈಸಬಹುದು. ಧರ್ಮವೇ ದೇಹದ ಶಕ್ತಿಗೆ ಇಷ್ಟು ಜಾಗ ಕೊಟ್ಟಿರುವಾಗ ಒಂದು ಸೈಕಲ್ ಜಾಥಾ ಅಷ್ಟೂ ಕೊಡದಿದ್ದರೆ ಹೇಗೆ?

ಹಾಗಾದರೆ ನಿಷೇಧಿಸಿಬಿಡೋಣವೇ? ಬೇಡ ಎನ್ನಲು ನನ್ನ ಬಳಿ ಕಾರಣವಿದೆ. ಇಂಥ ಜಾಥಾಗಳು ಬೇಸಿಗೆಯಲ್ಲೇ ಬರುತ್ತವೆ. ನಮ್ಮ ಜಿಲ್ಲೆ ಮತದಾನ ಮಾಡಿದ್ದು 2023ರಲ್ಲಿ ಮೇ 10ರಂದು, 2024ರಲ್ಲಿ ಮೇ 7ರಂದು. ಮತದಾನ ಜಾಗೃತಿಯ ಸೈಕಲ್ ಜಾಥಾ ಎಂದರೆ ಏಪ್ರಿಲ್ ಎಂದೇ ಅರ್ಥ. ವಿಶ್ವ ಸೈಕಲ್ ದಿನ ಜೂನ್ 3. ರಜೆ ಇರುವುದೂ ಆಗಲೇ. ಕೊಪ್ಪಳದಲ್ಲಿ ಓದಿ ಕುಕನೂರನ್ನೇ ನೋಡದವರು ನಮ್ಮಲ್ಲಿದ್ದಾರೆ. ಆ ದಿನ ಯಲಬುರ್ಗಾದವರೆಗೆ ನಾನು ಕಂಡ ಊರು, ಮಾತಾಡಿಸಿದ ಜನ, ಬಸ್ಸಿನ ಕಿಟಕಿಯಿಂದ ಎಂದೂ ಸಿಗುತ್ತಿರಲಿಲ್ಲ. ಜೊತೆಗೆ, ನಿಷೇಧ ಎಂದು ಬರೆದರೆ ಅದು ಮೊದಲು ತಟ್ಟುವುದು ಹುಡುಗಿಯರಿಗೆ. ಅರವತ್ತು ಜನರಲ್ಲಿ ಹುಡುಗಿಯರು ಐದೇ ಐದು ಜನ ಇದ್ದರು. ಸುರಕ್ಷಿತ ಎಂದು ತೋರಿಸಿದರೆ ಮುಂದಿನ ಸಲ ಹದಿನೈದು ಜನರನ್ನು ಮನೆಯವರು ಕಳಿಸಬಹುದು. ಅಪಾಯ ಎಂದು ಕೈಬಿಟ್ಟರೆ ಆ ಐದೂ ಉಳಿಯುವುದಿಲ್ಲ.

ಆದ್ದರಿಂದ ನನ್ನ ಸಲಹೆ ನಿಷೇಧವಲ್ಲ, ನಿಯಮ. ಕಾಲೇಜು ತನ್ನ ವಿದ್ಯಾರ್ಥಿಗಳನ್ನು ಕಳಿಸುವ ಮುನ್ನ ಸಂಘಟಕರಿಂದ ಈ ಆರು ವಿಷಯಗಳಿಗೆ ಒಪ್ಪಿಗೆ ಪಡೆಯಲಿ.

ಒಂದು, ಬೆಳಿಗ್ಗೆ 5.30ಕ್ಕೆ ಚಕ್ರ ಉರುಳಬೇಕು. ಸಭೆ, ಸನ್ಮಾನ, ಭಾಷಣ ಎಲ್ಲ ತಲುಪಿದ ಊರಿನಲ್ಲಿ, ನೆರಳಿನಲ್ಲಿ ನಡೆಯಲಿ. ಅತಿಥಿಗಳು ಅಲ್ಲಿಗೇ ಬರಲಿ, ನಾವು ಕುಳಿತು ಸಮಾಧಾನವಾಗಿ ಕೇಳುತ್ತೇವೆ.

ಎರಡು, 9 ಗಂಟೆಗೆ ಎಲ್ಲಿದ್ದೇವೋ ಅಲ್ಲೇ ಮುಗಿಯಬೇಕು. ಸಾದಾ ಸೈಕಲ್ಲಿನ ಗುಂಪು ನಿಲುಗಡೆ ಸೇರಿ ಗಂಟೆಗೆ 12 ಕಿಲೋಮೀಟರ್ ಹೋಗುತ್ತದೆ ಎಂದು ಹಿಡಿದರೆ ಮೂರೂವರೆ ಗಂಟೆಗೆ 42 ಕಿಲೋಮೀಟರ್. ಅಂದರೆ ಕೊಪ್ಪಳದಿಂದ ಯಲಬುರ್ಗಾ, ಅಥವಾ ಗಂಗಾವತಿಯ ಹತ್ತಿರ. ಕುಷ್ಟಗಿ ಬೇಕಾದರೆ ಎರಡನೇ ದಿನ. ದೂರ ನೋಡಿ ವೇಳೆ ಇಡುವುದಲ್ಲ, ವೇಳೆ ನೋಡಿ ದೂರ ಇಡಬೇಕು.

ಮೂರು, ಇಬ್ಬಿಬ್ಬರ ಜೋಡಿ. ಪ್ರತಿ 10 ಕಿಲೋಮೀಟರಿಗೆ ನಿಂತು ಜೋಡಿಯವನು ಇನ್ನೊಬ್ಬನಿಗೆ ಎರಡು ಪ್ರಶ್ನೆ ಕೇಳಬೇಕು: ಮುಂದಿನ ಊರು ಯಾವುದು, ಇವತ್ತು ಯಾವ ವಾರ. ಉತ್ತರ ತಡವರಿಸಿದರೆ ಸೈಕಲ್ ಗಾಡಿಗೆ ಏರಲಿ. ಚರ್ಚೆ ಬೇಡ.

ನಾಲ್ಕು, ನೀರಿನ ಗಾಡಿ ಎಲ್ಲರಿಗಿಂತ ಹಿಂದೆ ಇರಲಿ. ಬರೀ ನೀರನ್ನೇ ಹೊಟ್ಟೆ ತುಂಬ ಕುಡಿಯುತ್ತ ಹೋದರೆ ಮೈಯಲ್ಲಿನ ಉಪ್ಪಿನ ಅಂಶ ಇಳಿದು ಅದೂ ತೊಂದರೆ. ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿದರೆ ಮನೆಯಲ್ಲೇ ಓಆರ್‌ಎಸ್ ಆಗುತ್ತದೆ. ಹಳ್ಳಿಗಳಲ್ಲಿ ಅರವಟಿಗೆ ಇಡುವವರಿದ್ದಾರೆ, ಮೊಹರಂನಲ್ಲಿ ಸಬೀಲ್ ಇಟ್ಟು ಶರಬತ್ತು ಹಂಚುವ ನಮ್ಮ ಓಣಿಯ ಹುಡುಗರಿದ್ದಾರೆ. ಕೇಳಿದರೆ ದಾರಿಯುದ್ದಕ್ಕೂ ನಿಲ್ಲುತ್ತಾರೆ.

ಐದು, ಪ್ರಥಮ ಚಿಕಿತ್ಸೆ ಎಲ್ಲರಿಗೂ ಗೊತ್ತಿರಲಿ. ಮಾತು ತಪ್ಪಿದವನನ್ನು ನೆರಳಿಗೆ ಒಯ್ದು ಮೈತುಂಬ ನೀರು ಸುರಿಯಬೇಕು, ಕುತ್ತಿಗೆ, ಕಂಕುಳಿಗೆ ಒದ್ದೆ ಬಟ್ಟೆ ಇಟ್ಟು ಗಾಳಿ ಹಾಕಬೇಕು, 108ಕ್ಕೆ ಕರೆ ಮಾಡಬೇಕು. ಪ್ರಜ್ಞೆ ಸರಿಯಿಲ್ಲದವನ ಬಾಯಿಗೆ ನೀರು ಹಾಕಬಾರದು. ಆಂಬುಲೆನ್ಸ್ ಬರುವವರೆಗೆ ತಂಪು ಮಾಡುವುದನ್ನು ನಿಲ್ಲಿಸಬಾರದು. ತೋಟದ ಆ ಅವ್ವ ಮಾಡಿದ್ದು ಸರಿಯಾಗಿ ಇದನ್ನೇ.

ಆರು, ಅರ್ಧಕ್ಕೆ ನಿಂತವರಿಗೂ ಅದೇ ಪ್ರಮಾಣಪತ್ರ ಸಿಗಲಿ. ದೂರದ ಸೈಕಲ್ ಸವಾರಿಯಲ್ಲಿ ಹೆಸರಾದ ಬ್ರೆವೆ ಎಂಬ ಪದ್ಧತಿಯಲ್ಲಿ 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು. ಆದರೆ ಅಲ್ಲಿ ಮೊದಲ ಸ್ಥಾನ, ಎರಡನೇ ಸ್ಥಾನ ಎಂಬುದೇ ಇಲ್ಲ. ಪೈಪೋಟಿ ತೆಗೆದುಹಾಕಿದರೆ ನಿಲ್ಲುವುದು ಅವಮಾನವಾಗುವುದಿಲ್ಲ.

ಇದಕ್ಕೆಲ್ಲ ಹಣ ಎಲ್ಲಿಂದ ಎನ್ನುವವರಿಗೆ ವಾಣಿಜ್ಯ ವಿದ್ಯಾರ್ಥಿಯಾಗಿ ಒಂದು ಅಂದಾಜು ಕೊಡುತ್ತೇನೆ. ಅರವತ್ತು ಜನರಿಗೆ ಟಿ-ಶರ್ಟ್, ಒಂದಕ್ಕೆ 150 ಎಂದರೂ 9,000 ರೂಪಾಯಿ. ತಲೆಗೆ 4 ಲೀಟರ್ ನೀರು ಎಂದರೆ 240 ಲೀಟರ್, 20 ಲೀಟರಿನ 12 ಕ್ಯಾನ್. ಕ್ಯಾನಿಗೆ 40ರಂತೆ 480 ರೂಪಾಯಿ. ಅರ್ಧ ನೀರಿಗೆ ಬೇಕಾಗುವ ಮೂರು ಕಿಲೋ ಸಕ್ಕರೆ, ಉಪ್ಪು ಸೇರಿ 150. ಹಿಂದಿನಿಂದ ಬರುವ ಒಂದು ಗಾಡಿಗೆ 3,500 ಹಿಡಿಯಿರಿ. ಒಟ್ಟು 4,130. ಟಿ-ಶರ್ಟಿನ ಅರ್ಧ ಹಣವೂ ಆಗಲಿಲ್ಲ. ಕಪ್ಪು ಪಾಲಿಯೆಸ್ಟರ್ ಟಿ-ಶರ್ಟಿಗಿಂತ ಮನೆಯ ಸಡಿಲ ಬಿಳಿ ಹತ್ತಿ ಅಂಗಿ ಬಿಸಿಲಿಗೆ ಒಳ್ಳೆಯದು ಕೂಡ.

ಲೆಕ್ಕಶಾಸ್ತ್ರದಲ್ಲಿ ನಾವು ಓದುವ ಒಂದು ಸಂಪ್ರದಾಯವಿದೆ: ಬರಬಹುದಾದ ನಷ್ಟವನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು, ಕೈಗೆ ಬಾರದ ಲಾಭವನ್ನು ಹಿಡಿಯಬಾರದು. ಜಾಥಾದ ಕರಪತ್ರಗಳಲ್ಲಿ ಬರೀ ಲಾಭದ ಮಾತಿರುತ್ತದೆ: ಆರೋಗ್ಯ, ಪರಿಸರ, ಜಾಗೃತಿ. ನಷ್ಟದ ಕಾಲಂ ಖಾಲಿ. ಆ ಕಾಲಂ ತುಂಬಿಸುವ ಕೆಲಸ ದೊಡ್ಡವರದು. ‘ಯಾರ್ ಕಳಿಸ್ಯಾರ’ ಎಂದು ದಾರಿಯಲ್ಲಿ ಯಾರಾದರೂ ಕೇಳಿದರೆ ‘ಇಂಥವರು ಕಳಿಸಿದ್ದಾರೆ, ಇಷ್ಟು ಗಂಟೆಗೆ ವಾಪಸ್ ಕರೆಸುತ್ತಾರೆ’ ಎಂದು ಹೇಳುವಂತಿರಬೇಕು.

ಪ್ರಾಚಾರ್ಯರಲ್ಲಿ ಮತ್ತು ದೈಹಿಕ ಶಿಕ್ಷಣ ವಿಭಾಗದ ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಬೇಸಿಗೆಯಲ್ಲಿ ಬೇರೆಯವರ ಜಾಥಾಕ್ಕೆ ಕಾಯದೆ ನಮ್ಮ ಕಾಲೇಜೇ ಕೊಪ್ಪಳದಿಂದ ಗಂಗಾವತಿ ಕಡೆಗೆ ಒಂದು ಸೈಕಲ್ ಸವಾರಿ ಏರ್ಪಡಿಸಲಿ. ಹವಾಮಾನ ಇಲಾಖೆ ಬಿಸಿಗಾಳಿಯ ಎಚ್ಚರಿಕೆ ಕೊಟ್ಟರೆ ಆ ದಿನ ಮುಂದೂಡಲಿ. ಇಲ್ಲವಾದರೆ ಫಜರ್ ನಮಾಜ್ ಮುಗಿಸಿದವರು, ದೇವರಿಗೆ ದೀಪ ಹಚ್ಚಿ ಬಂದವರು ಎಲ್ಲರೂ 5.30ಕ್ಕೆ ಗೇಟಿನ ಬಳಿ ಸೇರೋಣ. 9ಕ್ಕೆ ಗಂಗಾವತಿ ಮುಟ್ಟಿದರೆ ಅಲ್ಲಿ ಒಗ್ಗರಣೆ, ಮಿರ್ಚಿ. ಮುಟ್ಟದಿದ್ದರೆ ದಾರಿಯಲ್ಲಿ ಸಿಕ್ಕ ಹೋಟೆಲಿನಲ್ಲಿ ಅದೇ ಒಗ್ಗರಣೆ, ಅದೇ ಮಿರ್ಚಿ. ನನ್ನ ಗೆಳೆಯ ಈಗಲೇ ಹೆಸರು ಕೊಟ್ಟಿದ್ದಾನೆ. ಅವನ ಜೋಡಿ ನಾನು.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ